ಬಂದರಿಗೆ ರಿಯಾಯಿತಿ ಸಿಕ್ಕಿತು, ಊರಿಗೆ?



‘ಫ್ರೀ ಝೋನ್’ ಎಂಬ ಪದ ನಮ್ಮ ಕರಾವಳಿಯ ಮನೆಗಳಿಗೆ ಹೊಸತಲ್ಲ. ಗಂಡನೋ, ಅಣ್ಣನೋ, ಮಗನೋ ದುಬೈಯಲ್ಲಿರುವ ಮನೆಯ ಹೆಂಗಸರಿಗೆ ಜಬಲ್ ಅಲಿ ಎಂಬ ಹೆಸರು ಪಕ್ಕದ ಪೇಟೆಯ ಹೆಸರಿನಷ್ಟೇ ಪರಿಚಿತ. ‘ಹುಡುಗನಿಗೆ ಫ್ರೀ ಝೋನ್‌ನಲ್ಲಿ ಕೆಲಸ’ ಎಂದು ಮದುವೆ ಮಾತುಕತೆಯಲ್ಲೂ ಹೇಳುವುದುಂಟು. ಆದರೆ ಆ ಝೋನ್ ಎಂದರೇನು, ಅದನ್ನು ಯಾಕೆ ಮಾಡುತ್ತಾರೆ, ಅದರಿಂದ ಯಾರಿಗೆ ಲಾಭ ಎಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ಸುಮ್ಮನಾಗುತ್ತಾರೆ. ಅದು ಗಂಡಸರ ವಿಷಯ, ವ್ಯಾಪಾರಿಗಳ ವಿಷಯ ಎಂದು ಬಿಟ್ಟುಬಿಡುತ್ತೇವೆ.

ವಾಸ್ತವದಲ್ಲಿ ಇದು ನಮ್ಮ ಅಡುಗೆಮನೆಗೆ ತೀರಾ ಹತ್ತಿರದ ವಿಷಯ. ಊರಿನಲ್ಲಿ ಯಾವ ತರದ ಕೆಲಸ ಇದೆ, ಅದಕ್ಕೆ ಎಷ್ಟು ಸಂಬಳ, ಅದು ಎಷ್ಟು ವರ್ಷ ಉಳಿಯುತ್ತದೆ ಎಂಬುದರ ಮೇಲೆಯೇ ಮನೆಯ ಒಲೆ, ಮಕ್ಕಳ ಓದು, ಗಂಡ ಹೆಂಡತಿ ಒಂದೇ ಸೂರಿನಡಿ ಬದುಕುವ ಭಾಗ್ಯ ಎಲ್ಲವೂ ನಿಂತಿದೆ. ಆದ್ದರಿಂದ ಈ ತಿಂಗಳು ದೂರದ ಇಂಗ್ಲೆಂಡಿನಲ್ಲಿ ನಡೆಯುತ್ತಿರುವ ಒಂದು ಪ್ರಯೋಗದ ಬಗ್ಗೆ ಮಾತಾಡೋಣ. ಕಾರ್ಖಾನೆ ಮುಚ್ಚಿ ಬಡತನಕ್ಕೆ ಬಿದ್ದ ಊರುಗಳನ್ನು ಮತ್ತೆ ಎತ್ತಿ ನಿಲ್ಲಿಸಲು ಅಲ್ಲಿನ ಸರಕಾರ 2021ರಲ್ಲಿ ‘ಫ್ರೀಪೋರ್ಟ್’ ಎಂಬ ಮದ್ದನ್ನು ಕೈಗೆತ್ತಿಕೊಂಡಿತು. ಫ್ರೀಪೋರ್ಟ್ ಎಂದರೆ ಮುಕ್ತ ಬಂದರು. ಈ ಮದ್ದು ಯಾರಿಗೆ ನಾಟುತ್ತದೆ, ಯಾರಿಗೆ ನಾಟುವುದಿಲ್ಲ ಎಂದು ನೋಡೋಣ.

ಮೊದಲು ಅದರ ಕೆಲಸ ತಿಳಿದುಕೊಳ್ಳೋಣ. ಹೊರದೇಶದಿಂದ ಒಂದು ವಸ್ತು ಬಂದರಿಗೆ ಬಂದರೆ ಅದಕ್ಕೆ ಸುಂಕ ಕಟ್ಟಬೇಕು. ಮುಕ್ತ ಬಂದರಿನಲ್ಲಿ ಒಂದು ಬೇಲಿ ಇರುತ್ತದೆ. ಆ ಬೇಲಿಯೊಳಗೆ ಇರುವಷ್ಟು ಕಾಲ ವಸ್ತು ದೇಶದೊಳಗೆ ಬಂದೇ ಇಲ್ಲ ಎಂದು ಕಸ್ಟಮ್ಸ್‌ನವರು ಭಾವಿಸುತ್ತಾರೆ. ಬಟ್ಟೆ, ನೂಲು, ಗುಂಡಿ ಎಲ್ಲವನ್ನೂ ಹೊರಗಿನಿಂದ ತಂದು, ಬೇಲಿಯೊಳಗೆ ಅಂಗಿ ಹೊಲಿದು, ಮತ್ತೆ ಹೊರದೇಶಕ್ಕೇ ಕಳಿಸಿದರೆ ಸುಂಕವೇ ಇಲ್ಲ. ಬೇಲಿ ದಾಟಿಸಿ ಅದೇ ದೇಶದ ಅಂಗಡಿಗೆ ಕಳಿಸಿದರೆ ಮಾತ್ರ ಆಗ ಕಟ್ಟಿದರೆ ಸಾಕು.

ಆದರೆ ಬ್ರಿಟನ್ನಿನಲ್ಲಿ ಅನೇಕ ವಸ್ತುಗಳಿಗೆ ಸುಂಕ ಮೊದಲೇ ಕಡಿಮೆ. ಆದ್ದರಿಂದ ಅಲ್ಲಿನ ಫ್ರೀಪೋರ್ಟ್‌ಗಳ ನಿಜವಾದ ಆಕರ್ಷಣೆ ಸುಂಕವಲ್ಲ, ತೆರಿಗೆ ರಿಯಾಯಿತಿ. ಗುರುತಿಸಿದ ಜಾಗದಲ್ಲಿ ಕಂಪೆನಿಯು ಜಮೀನು ಕೊಂಡರೆ ನೋಂದಣಿ ತೆರಿಗೆ ಇಲ್ಲ. ಕಟ್ಟಡದ ಮೇಲಿನ ವ್ಯಾಪಾರ ತೆರಿಗೆ ಐದು ವರ್ಷ ಇಲ್ಲ. ಯಂತ್ರ ಕೊಂಡರೆ ಆ ಖರ್ಚನ್ನೆಲ್ಲ ಲಾಭದಿಂದ ಕಳೆದುಕೊಂಡು ತೆರಿಗೆ ಉಳಿಸಬಹುದು. ಹೊಸದಾಗಿ ಒಬ್ಬರನ್ನು ಕೆಲಸಕ್ಕೆ ಇಟ್ಟುಕೊಂಡರೆ, ಅವರ ಹೆಸರಿನಲ್ಲಿ ಮಾಲಕರು ಸರಕಾರಕ್ಕೆ ಕಟ್ಟಬೇಕಾದ ವಿಮಾ ಹಣ ಮೂರು ವರ್ಷ ಇಲ್ಲ. ನಮ್ಮಲ್ಲಿ ಪಿ.ಎಫ್., ಇ.ಎಸ್.ಐ.ಗೆ ಮಾಲಕರು ತಮ್ಮ ಪಾಲು ಕಟ್ಟುವುದಿಲ್ಲವೇ, ಹೆಚ್ಚು ಕಡಿಮೆ ಅಂಥದ್ದೇ ಹಣ ಅದು.

ಇದನ್ನು ಒಂದು ಉದಾಹರಣೆಯಿಂದ ನೋಡಿ. ಪೇಟೆಯ ಒಂದು ಬೀದಿಯಲ್ಲಿ ವ್ಯಾಪಾರವೇ ಇಲ್ಲ, ಕೋಣೆಗಳು ಖಾಲಿ ಬಿದ್ದಿವೆ ಎಂದಿಟ್ಟುಕೊಳ್ಳಿ. ಕಟ್ಟಡದ ಯಜಮಾನರು ‘ಐದು ವರ್ಷ ಬಾಡಿಗೆ ಬೇಡ, ಬಂದು ಅಂಗಡಿ ಇಡಿ’ ಎನ್ನುತ್ತಾರೆ. ಅಂಗಡಿಗಳು ಬಂದೇ ಬರುತ್ತವೆ. ಆದರೆ ಎರಡು ಪ್ರಶ್ನೆಗಳು ಉಳಿಯುತ್ತವೆ. ಬಂದದ್ದು ಹೊಸ ಅಂಗಡಿಯೋ, ಪಕ್ಕದ ಬೀದಿಯಲ್ಲಿದ್ದ ಅಂಗಡಿಯೇ ಬಾಡಿಗೆ ಉಳಿಸಲು ಇಲ್ಲಿಗೆ ಬಂದದ್ದೋ? ಐದು ವರ್ಷ ಮುಗಿದ ಮೇಲೆ ಅದು ಇಲ್ಲಿಯೇ ಇರುತ್ತದೋ, ಶಟರ್ ಎಳೆದು ಹೋಗುತ್ತದೋ? ಫ್ರೀಪೋರ್ಟಿನ ಇಡೀ ಚರ್ಚೆ ಈ ಎರಡು ಪ್ರಶ್ನೆಗಳ ಸುತ್ತಲೇ ಇದೆ.

ಈಗ ಇಂಗ್ಲೆಂಡಿನ ಈಶಾನ್ಯ ಭಾಗದ ಟೀಸ್‌ಸೈಡ್‌ಗೆ ಬರೋಣ. ಟೀಸ್ ನದಿ ಸಮುದ್ರ ಸೇರುವ ಜಾಗವದು. ಮಿಡಲ್ಸ್‌ಬರೋ ಮತ್ತು ರೆಡ್‌ಕಾರ್ ಅಲ್ಲಿನ ಎರಡು ಊರುಗಳು. 1850ರಲ್ಲಿ ಹತ್ತಿರದ ಗುಡ್ಡಗಳಲ್ಲಿ ಕಬ್ಬಿಣದ ಅದಿರು ಸಿಕ್ಕಿದ ಮೇಲೆ ಮಿಡಲ್ಸ್‌ಬರೋ ಕೆಲವೇ ದಶಕಗಳಲ್ಲಿ ದೊಡ್ಡ ಕೈಗಾರಿಕಾ ಪಟ್ಟಣವಾಯಿತು. ಆಸ್ಟ್ರೇಲಿಯಾದ ಸಿಡ್ನಿ ಬಂದರಿನ ಆ ಪ್ರಸಿದ್ಧ ಕಮಾನು ಸೇತುವೆಯ ಚಿತ್ರವನ್ನು ನೀವು ಮಕ್ಕಳ ಪಾಠ ಪುಸ್ತಕದಲ್ಲೋ ಕ್ಯಾಲೆಂಡರಿನಲ್ಲೋ ನೋಡಿರಬಹುದು. 1932ರಲ್ಲಿ ಉದ್ಘಾಟನೆಯಾದ ಆ ಸೇತುವೆಯ ಬಹುಪಾಲು ಉಕ್ಕು ಟೀಸ್‌ಸೈಡ್‌ನಿಂದಲೇ ಹಡಗು ಹತ್ತಿ ಹೋದದ್ದು. ಅಪ್ಪ ಉಕ್ಕಿನ ಕಾರ್ಖಾನೆಯಲ್ಲಿ, ಮಗನೂ ಅಲ್ಲಿಯೇ, ಮೊಮ್ಮಗನೂ ಅಲ್ಲಿಯೇ. ತಲೆಮಾರುಗಳವರೆಗೆ ಆ ಊರಿನ ಬದುಕು ಹಾಗೆಯೇ ಸಾಗಿತು.

ಅಲ್ಲಿನ ಕೊನೆಯ ದೊಡ್ಡ ಉಕ್ಕಿನ ಕಾರ್ಖಾನೆ ರೆಡ್‌ಕಾರ್‌ನದು. ಅದರ ಕಥೆಯಲ್ಲಿ ನಮ್ಮ ದೇಶದ ಹೆಸರೂ ಇದೆ. ಭಾರತದ ಟಾಟಾ ಸ್ಟೀಲ್ 2007ರಲ್ಲಿ ಕೋರಸ್ ಕಂಪೆನಿಯನ್ನು ಕೊಂಡಾಗ ಈ ಕಾರ್ಖಾನೆಯೂ ಟಾಟಾದ ಕೈಗೆ ಬಂತು. ಉಕ್ಕಿನ ಬೇಡಿಕೆ ಕುಸಿದಾಗ 2010ರಲ್ಲಿ ಕುಲುಮೆಯನ್ನು ಆರಿಸಲಾಯಿತು. 2011ರಲ್ಲಿ ಥಾಯ್ಲೆಂಡಿನ ಎಸ್‌ಎಸ್‌ಐ ಎಂಬ ಕಂಪೆನಿ ಅದನ್ನು ಕೊಂಡು ಮರುವರ್ಷ ಮತ್ತೆ ಉರಿಸಿತು. ಊರಿನವರು ಹಬ್ಬದಂತೆ ಸಂಭ್ರಮಿಸಿದರು. ಆದರೆ 2015ರ ಅಕ್ಟೋಬರಿನಲ್ಲಿ ಆ ಕಂಪೆನಿಯೂ ದಿವಾಳಿಯಾಯಿತು. ಸುಮಾರು 2,200 ಮಂದಿ ನೇರವಾಗಿ ಕೆಲಸ ಕಳೆದುಕೊಂಡರು. ಗುತ್ತಿಗೆದಾರರ ಕೈಕೆಳಗೆ ದುಡಿಯುತ್ತಿದ್ದವರು, ಕಾರ್ಖಾನೆಯನ್ನೇ ನಂಬಿದ್ದ ಸಣ್ಣ ಅಂಗಡಿಗಳವರು ಈ ಲೆಕ್ಕಕ್ಕೆ ಸೇರಿಲ್ಲ.

ಒಂದು ಕಾರ್ಖಾನೆ ಮುಚ್ಚುವುದೆಂದರೆ ಬರೇ ಹೊಗೆಗೂಡು ಆರುವುದಲ್ಲ. ಸಂಬಳ ನಿಂತ ಮನೆಯಲ್ಲಿ ಮೊದಲು ಲೆಕ್ಕ ಹಾಕಲು ಕುಳಿತುಕೊಳ್ಳುವುದು ಹೆಣ್ಣು. ಸಾಲದ ಕಂತು, ಮಕ್ಕಳ ಶೂ, ಕರೆಂಟ್ ಬಿಲ್ಲು. ಅದು ಇಂಗ್ಲೆಂಡಾದರೂ ಸರಿ, ಉಳ್ಳಾಲವಾದರೂ ಸರಿ. 2019ರ ಸರಕಾರಿ ಲೆಕ್ಕದ ಪ್ರಕಾರ ಮಿಡಲ್ಸ್‌ಬರೋ ಪಟ್ಟಣದ ಹೆಚ್ಚು ಕಡಿಮೆ ಅರ್ಧದಷ್ಟು ಬಡಾವಣೆಗಳು ಇಡೀ ಇಂಗ್ಲೆಂಡಿನ ಅತಿ ಹಿಂದುಳಿದ ಹತ್ತು ಶೇಕಡಾ ಬಡಾವಣೆಗಳ ಪಟ್ಟಿಯಲ್ಲಿದ್ದವು. ಶ್ರೀಮಂತ ದೇಶದೊಳಗೂ ಇಂತಹ ಊರುಗಳಿವೆ ಎಂಬುದನ್ನು ನಾವು ಹಲವು ಸಲ ಮರೆಯುತ್ತೇವೆ.

ಈ ಹಿನ್ನೆಲೆಯಲ್ಲಿಯೇ ಫ್ರೀಪೋರ್ಟ್ ಬಂತು. ರಿಷಿ ಸುನಕ್ ಅವರು ಇನ್ನೂ ಸಾಮಾನ್ಯ ಸಂಸದರಾಗಿದ್ದ 2016ರಲ್ಲಿಯೇ ಇದರ ಪರವಾಗಿ ಒಂದು ವರದಿ ಬರೆದಿದ್ದರು. ಅಮೆರಿಕದ ಮುಕ್ತ ವಲಯಗಳಷ್ಟು ಯಶಸ್ಸು ಸಿಕ್ಕಿದರೆ 86,000 ಉದ್ಯೋಗ ಹುಟ್ಟಬಹುದು ಎಂದು ಅದರಲ್ಲಿ ಅಂದಾಜಿಸಿದ್ದರು. ಮುಂದೆ ಹಣಕಾಸು ಮಂತ್ರಿಯಾದಾಗ, 2021ರ ಮಾರ್ಚ್ ಬಜೆಟಿನಲ್ಲಿ ಇಂಗ್ಲೆಂಡಿನ ಎಂಟು ಫ್ರೀಪೋರ್ಟ್‌ಗಳನ್ನು ಘೋಷಿಸಿದರು. ಟೀಸ್‌ಸೈಡ್, ಲಿವರ್‌ಪೂಲ್, ಹಂಬರ್, ಥೇಮ್ಸ್ ಮುಂತಾದವು ಅದರಲ್ಲಿದ್ದವು. ಪ್ರತಿಯೊಂದಕ್ಕೂ ಆರಂಭದ ಖರ್ಚಿಗೆಂದು ಎರಡೂವರೆ ಕೋಟಿ ಪೌಂಡ್‌ವರೆಗೆ ನೆರವು. ನಮ್ಮ ಲೆಕ್ಕದಲ್ಲಿ ಅದು 250 ಕೋಟಿ ರೂಪಾಯಿಗೂ ಮಿಕ್ಕಿದ ಮೊತ್ತ. 2023ರಲ್ಲಿ ಸ್ಕಾಟ್ಲೆಂಡಿನಲ್ಲಿ ಎರಡು, ವೇಲ್ಸ್‌ನಲ್ಲಿ ಎರಡು ಸೇರಿದವು. ಅದೇ ವರ್ಷ ರಿಯಾಯಿತಿಯ ಅವಧಿಯನ್ನು ಐದು ವರ್ಷದಿಂದ ಹತ್ತು ವರ್ಷಕ್ಕೆ ಹೆಚ್ಚಿಸಲಾಯಿತು. 2024ರಲ್ಲಿ ಸರಕಾರ ಬದಲಾದರೂ ಲೇಬರ್ ಪಕ್ಷದವರು ಫ್ರೀಪೋರ್ಟ್‌ಗಳನ್ನು ರದ್ದು ಮಾಡಲಿಲ್ಲ.

ಇದು ತೀರಾ ಹೊಸ ಮದ್ದೇನೂ ಅಲ್ಲ. 1984ರಲ್ಲಿಯೂ ಬ್ರಿಟನ್ ಆರು ಫ್ರೀಪೋರ್ಟ್‌ಗಳನ್ನು ಗುರುತಿಸಿತ್ತು. ಲಿವರ್‌ಪೂಲ್ ಆಗಲೂ ಪಟ್ಟಿಯಲ್ಲಿತ್ತು. 2012ರಲ್ಲಿ ಅದರ ಕಾನೂನಿನ ಅವಧಿ ಮುಗಿದಾಗ ಸರಕಾರ ಅದನ್ನು ನವೀಕರಿಸಲೂ ಇಲ್ಲ.

ಟೀಸ್‌ಸೈಡ್ ಫ್ರೀಪೋರ್ಟ್ 2021ರ ನವೆಂಬರಿನಲ್ಲಿ ಎಲ್ಲರಿಗಿಂತ ಮೊದಲು ಬಾಗಿಲು ತೆರೆಯಿತು. ಐದು ವರ್ಷಗಳಲ್ಲಿ 18,000ಕ್ಕೂ ಹೆಚ್ಚು ಉದ್ಯೋಗ ಎಂಬುದು ಅದರ ಘೋಷಣೆ. ಹಳೆಯ ಉಕ್ಕಿನ ಕಾರ್ಖಾನೆಯ ಸುತ್ತಲಿನ ಸುಮಾರು 4,500 ಎಕರೆ ಜಾಗಕ್ಕೆ ‘ಟೀಸ್‌ವರ್ಕ್ಸ್’ ಎಂದು ಹೆಸರಿಟ್ಟರು. 2022ರ ನವೆಂಬರಿನಲ್ಲಿ ರೆಡ್‌ಕಾರ್‌ನ ಆ ದೊಡ್ಡ ಕುಲುಮೆಯನ್ನು ಸ್ಫೋಟಿಸಿ ಕೆಡವಲಾಯಿತು. ಅದೇ ವರ್ಷ ದಕ್ಷಿಣ ಕೊರಿಯಾದ ಸಿಯಾ ಕಂಪೆನಿ ಅಲ್ಲಿ ಕಾರ್ಖಾನೆ ಕಟ್ಟಲು ಆರಂಭಿಸಿತು. ಸಮುದ್ರದೊಳಗೆ ಗಾಳಿಯಂತ್ರಗಳನ್ನು ನಿಲ್ಲಿಸಲು ಬೇಕಾದ ದೈತ್ಯ ಉಕ್ಕಿನ ಕಂಬಗಳನ್ನು ಅಲ್ಲಿ ತಯಾರಿಸುವ ಯೋಜನೆ. ಕಟ್ಟಡದ ಉದ್ದವೇ ಸುಮಾರು 800 ಮೀಟರ್. 750 ಮಂದಿಗೆ ಕೆಲಸ ಎಂದು ಹೇಳಲಾಯಿತು. ಉಕ್ಕು ಬಲ್ಲ ಊರಿಗೆ ಉಕ್ಕಿನದ್ದೇ ಹೊಸ ಕೆಲಸ. ಇದು ಒಳ್ಳೆಯ ಬೆಳವಣಿಗೆ ಎಂಬುದರಲ್ಲಿ ಸಂದೇಹವಿಲ್ಲ. ಖಾಲಿ ಬಿದ್ದು ತುಕ್ಕು ಹಿಡಿಯುತ್ತಿದ್ದ ಜಾಗದಲ್ಲಿ ಮತ್ತೆ ವೆಲ್ಡಿಂಗಿನ ಕಿಡಿ ಕಾಣುವುದನ್ನು ಯಾರು ತಾನೇ ಬೇಡವೆನ್ನುತ್ತಾರೆ?

ಆದರೆ ನಾವು ಲೆಕ್ಕ ಬಲ್ಲ ಹೆಂಗಸರು. ಒಂದಿಷ್ಟು ಲೆಕ್ಕ ಮಾಡೋಣ.

ಮೊದಲನೆಯದು ಸಂಖ್ಯೆ. ಒಂದು ಟೀಸ್‌ಸೈಡ್‌ನಲ್ಲಿಯೇ 18,000 ಎಂದು ಹೇಳಲಾಗಿತ್ತು. ಎಲ್ಲಾ ಫ್ರೀಪೋರ್ಟ್‌ಗಳನ್ನು ಸೇರಿಸಿ ಸುಮಾರು 6,000 ಉದ್ಯೋಗ ಬಂದಿದೆ ಎಂಬುದು 2024ರ ವೇಳೆಗೆ ಸರಕಾರವೇ ಕೊಟ್ಟ ಲೆಕ್ಕ. ಕಾರ್ಖಾನೆ ಎದ್ದು ನಿಲ್ಲಲು ಸಮಯ ಬೇಕು, ನಿಜ. ಆದರೆ ವೇದಿಕೆಯ ಮೇಲೆ ಹೇಳಿದ ಸಂಖ್ಯೆಗೂ ಹಾಜರಿ ಪುಸ್ತಕದ ಸಂಖ್ಯೆಗೂ ಇರುವ ಅಂತರವನ್ನು ಗಮನಿಸದಿರಲಾಗದು.

ಎರಡನೆಯದು ಸ್ಥಳಾಂತರ. ಈ ಪಾತ್ರೆಯ ಅನ್ನವನ್ನು ಆ ಪಾತ್ರೆಗೆ ಸುರಿದರೆ ಅನ್ನ ಹೆಚ್ಚಾಗುವುದಿಲ್ಲ. ಬ್ರಿಟನ್ ಸರಕಾರದ ಆಯವ್ಯಯದ ಅಂದಾಜನ್ನು ಸ್ವತಂತ್ರವಾಗಿ ಪರಿಶೀಲಿಸುವ ‘ಆಫೀಸ್ ಫಾರ್ ಬಜೆಟ್ ರೆಸ್ಪಾನ್ಸಿಬಿಲಿಟಿ’ ಎಂಬ ಸಂಸ್ಥೆ 2021ರಲ್ಲಿಯೇ ಹೆಚ್ಚು ಕಡಿಮೆ ಇದೇ ಮಾತನ್ನು ಹೇಳಿತು. ಫ್ರೀಪೋರ್ಟ್‌ನಿಂದ ಉದ್ಯಮ ನಡೆಯುವ ಜಾಗ ಬದಲಾಗಬಹುದೇ ಹೊರತು ಒಟ್ಟು ಉದ್ಯಮ ಹೆಚ್ಚುವುದು ಕಡಿಮೆ ಎಂಬುದು ಅದರ ಅಭಿಪ್ರಾಯ. ಇದಕ್ಕೆ ಹಿಂದಿನ ಅನುಭವವೂ ಸಾಕ್ಷಿ. ಫ್ರೀಪೋರ್ಟ್‌ಗೆ ಮೊದಲು ಅಲ್ಲಿ ‘ಎಂಟರ್‌ಪ್ರೈಸ್ ಝೋನ್’ ಎಂಬ ತೆರಿಗೆ ರಿಯಾಯಿತಿ ವಲಯಗಳಿದ್ದವು. 2012ರಿಂದ 2017ರವರೆಗೆ ಅವುಗಳಿಂದ 54,000 ಉದ್ಯೋಗ ಹುಟ್ಟಬಹುದೆಂಬ ನಿರೀಕ್ಷೆ ಇತ್ತು. ‘ಸೆಂಟರ್ ಫಾರ್ ಸಿಟೀಸ್’ ಎಂಬ ಅಧ್ಯಯನ ಸಂಸ್ಥೆ 2019ರಲ್ಲಿ ಎಣಿಸಿ ನೋಡಿದಾಗ ಸಿಕ್ಕಿದ್ದು ಸುಮಾರು 13,500. ಅದರಲ್ಲಿಯೂ ಕನಿಷ್ಠ ಮೂರನೆಯ ಒಂದು ಪಾಲು ಬೇರೆ ಊರಿನಿಂದ ಎದ್ದು ಬಂದ ಉದ್ಯೋಗಗಳು. ಅಂದರೆ ಈ ಊರಿನ ನಗುವಿನ ಹಿಂದೆ ಇನ್ನೊಂದು ಊರಿನ ಅಳು ಇತ್ತು.

ಮೂರನೆಯದು ಸಂಬಳ. ಇದು ಬಹಳ ಮುಖ್ಯವಾದದ್ದು, ತುಸು ತಾಳ್ಮೆಯಿಂದ ಓದಿ. 2025ರ ಎಪ್ರಿಲ್‌ನಿಂದ ಬ್ರಿಟನ್ನಿನ ಮಾಲಕರು ಕೆಲಸಗಾರರ ವರ್ಷದ ಸಂಬಳದಲ್ಲಿ ಮೊದಲ 5,000 ಪೌಂಡ್ ಬಿಟ್ಟು ಉಳಿದುದಕ್ಕೆ ಶೇ. 15ರಷ್ಟು ವಿಮಾ ಹಣ ಕಟ್ಟಬೇಕು. ಫ್ರೀಪೋರ್ಟಿನಲ್ಲಿ ಹೊಸ ಕೆಲಸಗಾರರಿಗೆ 25,000 ಪೌಂಡ್ ಸಂಬಳದವರೆಗೆ ಇದು ಮಾಫಿ. ವರ್ಷಕ್ಕೆ 25,000 ಪೌಂಡ್ ಕೊಡುವ ಮಾಲಕರಿಗೆ ಇದರಿಂದ 3,000 ಪೌಂಡ್ ಉಳಿಯುತ್ತದೆ. 50,000 ಕೊಡುವ ಮಾಲಕರಿಗೂ ಉಳಿಯುವುದು ಅದೇ 3,000. ಒಬ್ಬರಿಗೆ ಸಂಬಳದ ನೂರಕ್ಕೆ ಹನ್ನೆರಡು, ಇನ್ನೊಬ್ಬರಿಗೆ ನೂರಕ್ಕೆ ಆರು. 2025ರ ಎಪ್ರಿಲ್‌ನಲ್ಲಿ ಅಲ್ಲಿನ ಕನಿಷ್ಠ ಕೂಲಿ ಗಂಟೆಗೆ 12.21 ಪೌಂಡ್ ಆಯಿತು. ವಾರಕ್ಕೆ ಮೂವತ್ತೇಳೂವರೆ ಗಂಟೆ ದುಡಿದರೆ ವರ್ಷಕ್ಕೆ ಸುಮಾರು 23,800 ಪೌಂಡ್. ಅಂದರೆ ಕನಿಷ್ಠ ಕೂಲಿಯವರ ಸಂಬಳ ಪೂರ್ತಿಯಾಗಿ ಈ ರಿಯಾಯಿತಿಯೊಳಗೆ ಬರುತ್ತದೆ. ಹೆಚ್ಚು ನುರಿತವರಿಗೆ ಹೆಚ್ಚು ಸಂಬಳ ಕೊಡುವ ಮಾಲಕರಿಗೆ ಅದರಿಂದ ಹೆಚ್ಚುವರಿ ಲಾಭವಿಲ್ಲ. ಅದಲ್ಲದೆ, ಈ ರಿಯಾಯಿತಿ ಪಡೆಯಲು ಕೆಲಸಗಾರರು ತಮ್ಮ ಸಮಯದ ಶೇ. 60ರಷ್ಟನ್ನು ಆ ಜಾಗದಲ್ಲಿ ಕಳೆಯಬೇಕು ಎಂಬ ಷರತ್ತಿದೆ. ಅವರು ಆ ಊರಿನವರೇ ಆಗಿರಬೇಕು ಎಂಬ ಷರತ್ತಿಲ್ಲ!

‘ಒಳ್ಳೆಯ ಕೆಲಸ’ ಎಂದರೆ ಏನು? ಸಹೋದರಿಯರೇ, ಈ ಪ್ರಶ್ನೆಗೆ ಉತ್ತರ ಕೊಡಲು ಅರ್ಥಶಾಸ್ತ್ರ ಓದಿರಬೇಕಾಗಿಲ್ಲ. ಮನೆ ನಡೆಸಲು ಸಾಕಾಗುವ ಸಂಬಳ. ನಾಳೆ ಬೆಳಗ್ಗೆಯೂ ಕೆಲಸ ಇದೆ ಎಂಬ ನೆಮ್ಮದಿ. ಕೈಗೆ ಹತ್ತುವ ಒಂದು ವಿದ್ಯೆ. ಕಾಯಿಲೆ ಬಿದ್ದರೆ ರಜೆ. ಅನ್ಯಾಯವಾದರೆ ಕೇಳಲು ಒಂದು ಸಂಘ. ಹೆಣ್ಣು ಮಕ್ಕಳೂ ಮರ್ಯಾದೆಯಿಂದ ಹೋಗಿ ಬರಬಹುದಾದ ಜಾಗ. ಇಷ್ಟಿದ್ದರೆ ಅದು ಒಳ್ಳೆಯ ಕೆಲಸ. ಇಲ್ಲದಿದ್ದರೆ ಅದು ಬರೇ ಕೆಲಸ.

ಈ ವ್ಯತ್ಯಾಸವನ್ನು ಬ್ರಿಟನ್ನಿಗೆ ಮನದಟ್ಟು ಮಾಡಿಸಿದ ಒಂದು ಘಟನೆ 2022ರ ಮಾರ್ಚ್ 17ರಂದು ನಡೆಯಿತು. ಪಿ ಆಂಡ್ ಒ ಫೆರೀಸ್ ಎಂಬ ಹಡಗು ಕಂಪೆನಿ ಸುಮಾರು 800 ಮಂದಿಯನ್ನು ಮುನ್ಸೂಚನೆಯಿಲ್ಲದೆ ಒಂದೇ ದಿನ ಕೆಲಸದಿಂದ ತೆಗೆದು ಹಾಕಿತು. ಅವರ ಜಾಗಕ್ಕೆ ಏಜೆನ್ಸಿಯ ಮೂಲಕ ಅಗ್ಗದ ಕೆಲಸಗಾರರನ್ನು ತಂದಿತು. ಅವರಿಗೆ ಸರಾಸರಿ ಗಂಟೆಗೆ ಐದೂವರೆ ಪೌಂಡ್. ದೇಶದೊಳಗಿನ ಕನಿಷ್ಠ ಕೂಲಿ ಆಗ 8.91 ಪೌಂಡ್ ಇತ್ತು. ಕಾರ್ಮಿಕ ಸಂಘದೊಡನೆ ಮಾತಾಡಬೇಕೆಂಬ ಕಾನೂನನ್ನು ತಿಳಿದೇ ಮುರಿದೆವು ಎಂದು ಕಂಪೆನಿಯ ಮುಖ್ಯಸ್ಥರೇ ಸಂಸದರ ಮುಂದೆ ಒಪ್ಪಿಕೊಂಡರು. ಈ ಕಂಪೆನಿಯ ಮಾಲಕತ್ವ ಯಾರದು ಗೊತ್ತೇ? ದುಬೈಯ ಡಿಪಿ ವರ್ಲ್ಡ್. ನಮ್ಮವರಿಗೆ ಗೊತ್ತಿರುವ ಜಬಲ್ ಅಲಿ ಬಂದರನ್ನು ನಡೆಸುವ ಅದೇ ಸಂಸ್ಥೆ. ಅದು ಇಂಗ್ಲೆಂಡಿನ ಥೇಮ್ಸ್ ಫ್ರೀಪೋರ್ಟಿನಲ್ಲಿಯೂ ಪಾಲುದಾರ. ಕೆಲಸಗಾರರನ್ನು ಹೀಗೆ ನಡೆಸಿಕೊಂಡವರಿಗೆ ತೆರಿಗೆ ರಿಯಾಯಿತಿಯ ಜಾಗದಲ್ಲಿ ಪಾಲು ಯಾಕೆ ಎಂದು ಕಾರ್ಮಿಕ ಸಂಘಗಳು ಕೇಳಿದವು. ಹಡಗಿನ ಕೆಲಸಗಾರರನ್ನು ತೆಗೆದದ್ದು ಫ್ರೀಪೋರ್ಟಿನೊಳಗೆ ಅಲ್ಲ ಎಂಬುದು ನಿಜ. ಆದರೆ ಸಾರ್ವಜನಿಕರ ಹಣದಿಂದ ರಿಯಾಯಿತಿ ಪಡೆಯುವವರ ನಡತೆಯನ್ನು ಸಾರ್ವಜನಿಕರು ಕೇಳಬಾರದೇ?

ರಿಯಾಯಿತಿ ಎಂದರೆ ಬಿಟ್ಟಿ ಅಲ್ಲ ಎಂಬುದನ್ನು ಇಲ್ಲಿ ನೆನಪಿಡಬೇಕು. ಕಂಪೆನಿ ಕಟ್ಟದ ತೆರಿಗೆ ಎಂದರೆ ಶಾಲೆಗೆ, ಆಸ್ಪತ್ರೆಗೆ ಹೋಗಬೇಕಾಗಿದ್ದ ಹಣ. ಆದ್ದರಿಂದ ಲೆಕ್ಕ ಬಯಲಾಗಿರಬೇಕು. ಟೀಸ್‌ವರ್ಕ್ಸ್‌ನಲ್ಲಿ ಸ್ಥಳೀಯ ಸಾರ್ವಜನಿಕ ಸಂಸ್ಥೆಯ ಪಾಲು ಅರ್ಧದಿಂದ ಹತ್ತು ಶೇಕಡಾಕ್ಕೆ ಇಳಿದು, 90 ಶೇಕಡಾ ಖಾಸಗಿಯವರ ಕೈಗೆ ಹೋದದ್ದು ದೊಡ್ಡ ವಿವಾದವಾಯಿತು. ಸರಕಾರ ನೇಮಿಸಿದ ಸ್ವತಂತ್ರ ಪರಿಶೀಲನೆಯ ವರದಿ 2024ರ ಜನವರಿಯಲ್ಲಿ ಹೊರಬಂತು. ಭ್ರಷ್ಟಾಚಾರಕ್ಕೆ ಪುರಾವೆ ಸಿಗಲಿಲ್ಲ ಎಂದು ಅದು ಸ್ಪಷ್ಟವಾಗಿ ಹೇಳಿತು. ಜೊತೆಗೆ ತೀರ್ಮಾನಗಳಲ್ಲಿ ಪಾರದರ್ಶಕತೆ ಸಾಲದು, ಸಾರ್ವಜನಿಕರ ಹಣಕ್ಕೆ ತಕ್ಕ ಪ್ರತಿಫಲ ಸಿಕ್ಕಿದೆಯೆಂದು ತೋರಿಸುವ ವ್ಯವಸ್ಥೆ ಸಾಲದು ಎಂದೂ ಹೇಳಿ 28 ಶಿಫಾರಸುಗಳನ್ನು ಕೊಟ್ಟಿತು.

ಇರುವ ಕೆಲಸದ ಕಥೆಯೂ ಇದೆ. 2021ರ ಕೊನೆಯ ತಿಂಗಳುಗಳಲ್ಲಿ ಆ ಕಡಲ ತೀರದಲ್ಲಿ ರಾಶಿ ರಾಶಿ ಏಡಿಗಳು ಸತ್ತು ಬಿದ್ದವು. ನದಿಯ ತಳ ಕೆದಕಿ ಹೂಳು ತೆಗೆದುದರಿಂದ ವಿಷ ಎದ್ದಿದೆ ಎಂದು ಮೀನುಗಾರರು ದೂರಿದರು. ಸರಕಾರದ ತಜ್ಞರ ತಂಡ 2023ರಲ್ಲಿ, ಹೂಳೆತ್ತಿದ್ದು ಕಾರಣವಾಗಿರುವ ಸಾಧ್ಯತೆ ಕಡಿಮೆ, ಯಾವುದೋ ಹೊಸ ರೋಗಾಣು ಇರಬಹುದು ಎಂದಿತು. ಖಚಿತ ಕಾರಣ ಸಿಗಲಿಲ್ಲ. ಮೀನುಗಾರಿಕೆಯನ್ನು ನಂಬಿದ ಮನೆಗಳ ಕಳವಳ ನಮಗೆ ಅರ್ಥವಾಗದ್ದೇನಲ್ಲ. ಹೊಸ ಕೆಲಸದ ಲೆಕ್ಕ ಬರೆಯುವಾಗ ಹಳೆಯ ಕೆಲಸ ಉಳಿಯಿತೇ ಎಂಬ ಕಾಲಮ್ಮೂ ಇರಬೇಕು.

ಹಾಗಾದರೆ ಮುಕ್ತ ವಲಯ ಎಂಬುದೇ ಮೋಸವೇ? ಖಂಡಿತ ಅಲ್ಲ. ಪಕ್ಕದ ಐರ್ಲೆಂಡಿನ ಶಾನನ್ ಎಂಬಲ್ಲಿಗೆ ಹೋಗೋಣ. ಹಿಂದೆ ಅಮೆರಿಕಕ್ಕೆ ಹೋಗುವ ವಿಮಾನಗಳು ಇಂಧನ ತುಂಬಿಸಲು ಅಲ್ಲಿ ಇಳಿಯುತ್ತಿದ್ದವು. ಜಗತ್ತಿನ ಮೊದಲ ಡ್ಯೂಟಿ ಫ್ರೀ ಅಂಗಡಿ 1947ರಲ್ಲಿ ತೆರೆದದ್ದು ಅಲ್ಲಿಯೇ. ಜೆಟ್ ವಿಮಾನಗಳು ಬಂದಾಗ ನಡುವೆ ಇಳಿಯುವ ಅಗತ್ಯವೇ ಇಲ್ಲವಾಯಿತು. ಊರು ಬರಿದಾಗುವ ಭಯ. ಆ ಅಂಗಡಿಯನ್ನು ಹುಟ್ಟು ಹಾಕಿದ ಬ್ರೆಂಡನ್ ಒ’ರೇಗನ್ ಅವರ ಮುಂದಾಳತ್ವದಲ್ಲಿ 1959ರಲ್ಲಿ ವಿಮಾನ ನಿಲ್ದಾಣದ ಪಕ್ಕದಲ್ಲಿಯೇ ಮುಕ್ತ ವಲಯ ಮಾಡಿದರು. ಈ ಕಾಲದ ಫ್ರೀ ಝೋನ್‌ಗಳ ಮಾದರಿ ಇದೇ ಎನ್ನುತ್ತಾರೆ. 1980ರಲ್ಲಿ, ಮುಂದೆ ಚೀನಾದ ಅಧ್ಯಕ್ಷರಾದ ಜಿಯಾಂಗ್ ಝೆಮಿನ್ ಕೂಡಾ ಅಲ್ಲಿಗೆ ಬಂದು ನೋಡಿ ಕಲಿತು ಹೋಗಿದ್ದರು. ಇಲ್ಲಿ ಗಮನಿಸಬೇಕಾದ ಅಂಶವೇನೆಂದರೆ, ಶಾನನ್‌ನವರು ಬರೇ ತೆರಿಗೆ ಬಿಟ್ಟು ಸುಮ್ಮನಿರಲಿಲ್ಲ. ಅದಕ್ಕೆಂದೇ ಒಂದು ಅಭಿವೃದ್ಧಿ ಸಂಸ್ಥೆ ಇತ್ತು. ಅದು ಕಾರ್ಖಾನೆ ಕಟ್ಟಡಗಳನ್ನು ಕಟ್ಟಿತು, ಕೆಲಸಗಾರರಿಗೆ ಮನೆಗಳನ್ನು ಕಟ್ಟಿತು, ಹೊಸ ಪಟ್ಟಣವನ್ನೇ ಎಬ್ಬಿಸಿತು. ಬೇಲಿಯೊಳಗಿನ ಲಾಭ ಬೇಲಿಯ ಹೊರಗೆ ಹರಿಯುವಂತೆ ಮೊದಲೇ ಕಾಲುವೆ ತೋಡಿದ್ದರು.

ಜಬಲ್ ಅಲಿಯೂ ಯಶಸ್ವಿಯೇ. 1985ರಲ್ಲಿ ಆರಂಭವಾದ ಆ ವಲಯ ಜಗತ್ತಿನ ಹೆಸರಾಂತ ವಲಯಗಳಲ್ಲೊಂದು. ಆದರೆ ಅದರ ಗುರಿಯೇ ಬೇರೆ. ಅದು ಕೆಲಸವಿಲ್ಲದ ಸ್ಥಳೀಯರಿಗಾಗಿ ಮಾಡಿದ್ದಲ್ಲ, ಹೊರಗಿನ ಕೈಗಳನ್ನು ತಂದು ವ್ಯಾಪಾರ ಬೆಳೆಸಲು ಮಾಡಿದ್ದು. ಆ ಕೈಗಳಲ್ಲಿ ನಮ್ಮ ಮನೆಯವರ ಕೈಗಳೂ ಇವೆ. ಅದರಿಂದ ನಮ್ಮೂರಿನಲ್ಲಿ ಮನೆಗಳೆದ್ದವು, ತಂಗಿಯರ ಮದುವೆಗಳಾದವು, ಮಕ್ಕಳು ಕಾಲೇಜು ಕಂಡರು. ಅದರ ಬೆಲೆಯನ್ನೂ ನಾವು ಕೊಟ್ಟಿದ್ದೇವೆ. ತಂದೆಯನ್ನು ಫೋನಿನಲ್ಲಿಯೇ ಗುರುತಿಸುವ ಮಕ್ಕಳು, ಎರಡು ವರ್ಷಕ್ಕೊಮ್ಮೆ ರಜೆಗೆ ಬರುವ ಗಂಡ. ‘ಸ್ಥಳೀಯ ಉದ್ಯೋಗ’ ಎಂಬ ಮಾತಿನ ತೂಕ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹಾಗಾಗಿಯೇ ಜಬಲ್ ಅಲಿಯ ಯಶಸ್ಸನ್ನು ತೋರಿಸಿ ಬಡ ಊರೊಂದಕ್ಕೆ ಆಸೆ ಹುಟ್ಟಿಸುವುದು ಸರಿಯಲ್ಲ. ಬಂದರು ಗೆಲ್ಲುವುದು ಬೇರೆ, ಊರು ಗೆಲ್ಲುವುದು ಬೇರೆ.

ಬಂದರಿನ ಜೊತೆ ಊರೂ ಗೆಲ್ಲಬೇಕಾದರೆ ರಿಯಾಯಿತಿಯ ಕಾಗದದಲ್ಲಿಯೇ ಷರತ್ತು ಬರೆದಿರಬೇಕು. ಈ ವಿಷಯದಲ್ಲಿ ಸ್ಕಾಟ್ಲೆಂಡ್ ಒಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿನ ಸರಕಾರ ‘ಗ್ರೀನ್ ಫ್ರೀಪೋರ್ಟ್’ ಎಂದು ಹೆಸರಿಟ್ಟು, ಅರ್ಜಿ ಹಾಕುವವರು ನ್ಯಾಯವಾದ ಕೂಲಿ, ನ್ಯಾಯವಾದ ಕೆಲಸದ ನಿಯಮಗಳು ಮತ್ತು ಪರಿಸರದ ಗುರಿಗಳಿಗೆ ಬದ್ಧರಾಗಬೇಕೆಂದು ಕೇಳಿತು. ಲಂಡನ್ನಿನ ಸರಕಾರದೊಡನೆ ಇದಕ್ಕಾಗಿ ಜಗ್ಗಾಟವೇ ನಡೆದು 2022ರಲ್ಲಿ ಒಪ್ಪಂದವಾಯಿತು. ಇಂಗ್ಲೆಂಡಿನಲ್ಲಿಯೂ ಒಂದು ಒಳ್ಳೆಯ ಏರ್ಪಾಡಿದೆ. ಈ ಜಾಗಗಳಲ್ಲಿ ಹೆಚ್ಚುವರಿಯಾಗಿ ಬರುವ ವ್ಯಾಪಾರ ತೆರಿಗೆಯನ್ನು 25 ವರ್ಷ ಸ್ಥಳೀಯ ಆಡಳಿತವೇ ಇಟ್ಟುಕೊಳ್ಳಬಹುದು. ರಿಯಾಯಿತಿಯ ವರ್ಷಗಳು ಮುಗಿದ ಮೇಲೆ ಬರುವ ಆ ಹಣದಿಂದ ಹುಡುಗ ಹುಡುಗಿಯರಿಗೆ ತರಬೇತಿ, ಕಾರ್ಖಾನೆಗೆ ಬಸ್ಸು, ದುಡಿಯುವ ತಾಯಂದಿರ ಮಕ್ಕಳಿಗೆ ಶಿಶುಪಾಲನೆ ಮುಂತಾದುವನ್ನು ಮಾಡಿದರೆ ಊರಿಗೆ ನಿಜವಾದ ಲಾಭ. ಬಸ್ಸಿಲ್ಲದ ಕಾರ್ಖಾನೆ ಕಾರಿರುವವರಿಗೆ ಮಾತ್ರ ಕೆಲಸ ಕೊಡುತ್ತದೆ. ಮಗುವನ್ನು ಬಿಡಲು ಜಾಗವಿಲ್ಲದ ತಾಯಿಗೆ ಎಷ್ಟು ಸಾವಿರ ಉದ್ಯೋಗ ಬಂದರೂ ಒಂದೇ.

ನಮ್ಮ ದೇಶಕ್ಕೂ ಈ ಪಾಠ ಬೇಕು. ಏಷ್ಯಾದ ಮೊದಲ ರಫ್ತು ವಲಯ 1965ರಲ್ಲಿ ಗುಜರಾತಿನ ಕಾಂಡ್ಲಾದಲ್ಲಿ ಆರಂಭವಾಯಿತು. 2005ರಲ್ಲಿ ವಿಶೇಷ ಆರ್ಥಿಕ ವಲಯ ಕಾಯ್ದೆ ಬಂತು. ಬಜ್ಪೆ, ಪೆರ್ಮುದೆ, ಕಳವಾರು ಕಡೆಯವರಿಗೆ ‘ಎಸ್‌ಇಝಡ್’ ಎಂಬ ಅಕ್ಷರಗಳನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಂಗಳೂರು ಎಸ್‌ಇಝಡ್‌ಗಾಗಿ ಗದ್ದೆ ತೋಟ ಬಿಟ್ಟುಕೊಟ್ಟ ಕುಟುಂಬಗಳಿಗೆ ಪರಿಹಾರದ ಜೊತೆ ಮನೆಗೊಂದು ಉದ್ಯೋಗದ ಭರವಸೆಯೂ ಇತ್ತು. ಅಲ್ಲಿನ ಜೆಬಿಎಫ್ ಎಂಬ ದೊಡ್ಡ ಪೆಟ್ರೋಕೆಮಿಕಲ್ ಕಂಪೆನಿ ದಿವಾಳಿಯಾಗಿ 2023ರಲ್ಲಿ ಸರಕಾರಿ ಸ್ವಾಮ್ಯದ ಗೇಲ್ ಅದನ್ನು ಕೊಂಡಿತು. ಭೂಮಿ ಒಮ್ಮೆ ಹೋದರೆ ಹೋಯಿತು. ಆದರೆ ಅದಕ್ಕೆ ಬದಲಾಗಿ ಸಿಗುವ ಕೆಲಸ ಒಂದು ಕಂಪೆನಿಯ ಆಯುಷ್ಯಕ್ಕೆ ಕಟ್ಟು ಬಿದ್ದಿರುತ್ತದೆ. ರೆಡ್‌ಕಾರ್‌ನವರು 2015ರಲ್ಲಿ ಕಲಿತದ್ದೂ ಇದನ್ನೇ.

ಆದ್ದರಿಂದ ನಾಳೆ ನಿಮ್ಮ ಊರಿಗೆ ಒಂದು ವಲಯವೋ ಬಂದರೋ ದೊಡ್ಡ ಕಾರ್ಖಾನೆಯೋ ಬರುತ್ತದೆ, ಇಷ್ಟು ಸಾವಿರ ಉದ್ಯೋಗ ಎಂದು ಯಾರಾದರೂ ಹೇಳಿದರೆ ಸಂತೋಷಪಡಿ. ಸಂತೋಷದ ಜೊತೆ ಐದು ಪ್ರಶ್ನೆಗಳನ್ನೂ ಕೇಳಿ. ಗ್ರಾಮಸಭೆಯಲ್ಲಿ ಕೇಳಿ, ಸ್ವಸಹಾಯ ಸಂಘದ ಸಭೆಯಲ್ಲಿ ಕೇಳಿ, ಮತ ಕೇಳಲು ಬಂದವರಲ್ಲಿ ಕೇಳಿ. ಇದು ಹೊಸ ಕೆಲಸವೋ, ಬೇರೆ ಊರಿನಿಂದ ಎತ್ತಿಕೊಂಡು ಬಂದದ್ದೋ? ಸಂಬಳ ಎಷ್ಟು, ನೇಮಕ ಖಾಯಂ ಆಗಿಯೋ, ಗುತ್ತಿಗೆಯಲ್ಲೋ? ನಮ್ಮ ಮಕ್ಕಳಿಗೆ ಆ ಕೆಲಸ ಕಲಿಸುವವರು ಯಾರು, ಯಾವಾಗಿನಿಂದ? ಹೆಣ್ಣು ಮಕ್ಕಳಿಗೆ ಅದರಲ್ಲಿ ಜಾಗ ಇದೆಯೇ, ಹೋಗಿ ಬರುವ ದಾರಿ ಇದೆಯೇ? ರಿಯಾಯಿತಿ ಮುಗಿದ ಮರುದಿನ ಕಂಪೆನಿ ಎದ್ದು ಹೋದರೆ ಊರಿನ ಕೈಯಲ್ಲಿ ಏನು ಉಳಿಯುತ್ತದೆ?

ಉತ್ತರ ಕಾಗದದಲ್ಲಿ ಇದ್ದರೆ ಸ್ವಾಗತಿಸೋಣ. ಬರೇ ಭಾಷಣದಲ್ಲಿ ಇದ್ದರೆ ಕಾಗದದಲ್ಲಿ ಬರೆಸಿಕೊಳ್ಳೋಣ. ತೆರಿಗೆ ಬಿಟ್ಟುಕೊಡುವುದು ಒಂದು ಸಹಿಯ ಕೆಲಸ, ಮುಚ್ಚಿದ ಊರನ್ನು ತೆರೆಯುವುದು ಒಂದು ತಲೆಮಾರಿನ ಕೆಲಸ. ರೆಡ್‌ಕಾರ್‌ನ ತಾಯಂದಿರು ಈಗಲೂ ಆ ಹೊಸ ಕಾರ್ಖಾನೆಯ ಕಡೆ ಆಸೆಯಿಂದ ನೋಡುತ್ತಿರಬಹುದು. ಅವರ ಮಕ್ಕಳು ಊಟದ ಡಬ್ಬಿ ಹಿಡಿದು ಅದರ ಗೇಟು ದಾಟುವ ದಿನ ಬರಲಿ, ಸಂಜೆ ತಮ್ಮದೇ ಮನೆಗೆ ಮರಳಲಿ ಎಂದು ಹಾರೈಸೋಣ. ನಮ್ಮ ಮಕ್ಕಳಿಗೂ ಅಷ್ಟೇ ಬೇಕಾಗಿರುವುದು.